ತುಪ್ಪ ಬಿಟ್ಟರೂ ಕೊಬ್ಬು ಬಿಡಲಿಲ್ಲ

ಮಂಡ್ಯ ಸೀಮೆಯ ಕಿರುಗಾವಲಿನ ಓದುಗರೊಬ್ಬರು ಕೇಳಿದ್ದಾರೆ: 'ಸಕ್ಕರೆ ಕಾಯಿಲೆ ಬಂದಾಗಿನಿಂದ ತುಪ್ಪ ಮುಟ್ಟಿಲ್ಲ, ಕರಿದದ್ದು ತಿಂದಿಲ್ಲ, ಕಾಫಿಗೂ ಬೆಲ್ಲವೇ. ಆದರೂ ಟ್ರೈಗ್ಲಿಸರೈಡ್ 300 ದಾಟಿದೆ. ಈ ಕೊಬ್ಬು ಎಲ್ಲಿಂದ ಬಂತು?'

ಬಹುಪಾಲು ನಿಮ್ಮ ಯಕೃತ್ತಿನಿಂದಲೇ ಬಂತು. ಕೊಬ್ಬನ್ನು ಕೊಬ್ಬಿನ ಕೋಶಗಳಲ್ಲೇ ಹಿಡಿದಿಡುವುದೂ ಇನ್ಸುಲಿನ್ ಕೆಲಸ. ಟೈಪ್ 2 ಮಧುಮೇಹದಲ್ಲಿ ದೇಹ ಇನ್ಸುಲಿನ್ ಮಾತು ಕೇಳುವುದಿಲ್ಲ. ಹೀಗಾಗಿ ಕೊಬ್ಬಿನಾಮ್ಲಗಳು ಸೋರಿ ಯಕೃತ್ತಿಗೆ ಬರುತ್ತವೆ. ಯಕೃತ್ತು ಅವನ್ನು ಟ್ರೈಗ್ಲಿಸರೈಡ್ ಆಗಿ ಕಟ್ಟಿ ಮತ್ತೆ ರಕ್ತಕ್ಕೆ ಬಿಡುತ್ತದೆ. ಬೆಲ್ಲವೂ ಇದಕ್ಕೆ ಕೈಜೋಡಿಸುತ್ತದೆ. ಆಲೆಮನೆಯಿಂದ ಬಂದರೂ ಅದರಲ್ಲಿ ಬಹುಪಾಲು ಸಕ್ಕರೆಯೇ. ಆ ಸಕ್ಕರೆಯ ಅರ್ಧ ಫ್ರಕ್ಟೋಸ್, ಅದು ಯಕೃತ್ತಿನಲ್ಲಿ ಸಲೀಸಾಗಿ ಕೊಬ್ಬಾಗುತ್ತದೆ. ಬೆಲ್ಲದಿಂದ ಶುಗರ್ ಏರುವುದಿಲ್ಲ ಎಂಬ ಮಾತನ್ನು ಮಂಡ್ಯ ಸೀಮೆಯವರು ಇನ್ನಾದರೂ ಬಿಡಬೇಕು.

ಈ ಕೊಬ್ಬು ಹರಿಯುವ ರಕ್ತನಾಳದ ಕಥೆ ಇನ್ನೂ ಸೊಗಸು. ಅದರ ಒಳಮೈಗೆ ಒಂದೇ ಒಂದು ಕೋಶದಷ್ಟು ದಪ್ಪದ ಪದರವಿದೆ. ಬಹುಕಾಲ ಅದನ್ನು ಬರೀ ಅಸ್ತರಿ ಎಂದೇ ಎಣಿಸಿದ್ದರು. ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಪಧಮನಿಯ ತುಂಡುಗಳ ಮೇಲೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿ ನೋಡುತ್ತಿದ್ದರು. ಕೆಲವು ತುಂಡು ಸಡಿಲಗೊಂಡವು, ಕೆಲವು ಬಿಗಿದುಕೊಂಡವು. ಬಿಗಿದವುಗಳನ್ನು ಪರೀಕ್ಷಿಸಿದರೆ, ಕತ್ತರಿಸುವಾಗ ಒಳಪದರ ಉಜ್ಜಿಹೋಗಿತ್ತು! ಆಗ ಅವರು ಪದರ ಉಳಿದ ತುಂಡನ್ನೂ ಪದರ ಹೋದ ತುಂಡನ್ನೂ ಮುಖಕ್ಕೆ ಮುಖ ಕೊಟ್ಟು ಜೋಡಿಸಿದರು. ಬೋಳು ತುಂಡೂ ಸಡಿಲಗೊಂಡಿತು. ಅಂದರೆ ಪದರದಿಂದ ಏನೋ ಒಂದು ಹೊರಟು ಪಕ್ಕದ ಸ್ನಾಯುವನ್ನು ಮುಟ್ಟುತ್ತಿದೆ. 1980ರಲ್ಲಿ ಪ್ರಕಟವಾದ ಈ ಪ್ರಯೋಗದ ಸರಳತೆಗೆ ನಾನು ಮಾರುಹೋಗಿದ್ದೇನೆ. ಆ ವಸ್ತು ನೈಟ್ರಿಕ್ ಆಕ್ಸೈಡ್, ಕೆಲವೇ ಕ್ಷಣ ಬಾಳುವ ಅನಿಲ. 1998ರಲ್ಲಿ ಫರ್ಚ್‌ಗಾಟ್‌ಗೂ ಇದೇ ಅನಿಲದ ಜಾಡು ಹಿಡಿದ ಇಗ್ನಾರೋ, ಮುರಾದ್ ಇಬ್ಬರಿಗೂ ನೊಬೆಲ್ ಬಂತು.

ವಿಶ್ವೇಶ್ವರಯ್ಯ ನಾಲೆಯ ಏರಿಗೆ ನೀರಿನ ರಭಸ ತಿಳಿಯುವುದಿಲ್ಲ, ಈ ಪದರಕ್ಕೆ ರಕ್ತದ ರಭಸ ತಿಳಿಯುತ್ತದೆ. ಹರಿವು ಹೆಚ್ಚಿದರೆ ಅನಿಲ ಬಿಟ್ಟು ನಾಳವನ್ನು ಅಗಲಿಸುತ್ತದೆ. ತೋಳಿಗೆ ಬಿ.ಪಿ. ಪಟ್ಟಿ ಕಟ್ಟಿ 5 ನಿಮಿಷ ರಕ್ತ ತಡೆದು ಬಿಟ್ಟರೆ ನಾಳ ಅಗಲವಾಗುವುದನ್ನು ಅಲ್ಟ್ರಾಸೌಂಡ್‌ನಲ್ಲಿ ಕಣ್ಣಾರೆ ಕಾಣಬಹುದು. ಮಧುಮೇಹಿಗಳಲ್ಲಿ ಅದು ಅಗಲವಾಗುವುದು ಕಡಿಮೆ. ಇನ್ಸುಲಿನ್ ಕೂಡ ಈ ಅನಿಲ ಬಿಡಿಸುತ್ತದೆ, ಆ ಕರೆಯೂ ಇಲ್ಲಿ ಕ್ಷೀಣ. ಇದರ ಮೇಲೆ ಸಕ್ಕರೆ, ಕೊಬ್ಬು ಹೆಚ್ಚಾದರೆ ಹುಟ್ಟುವ ಕ್ರಿಯಾಶೀಲ ಆಕ್ಸಿಜನ್ ಕಣಗಳು ಇರುವಷ್ಟು ಅನಿಲವನ್ನೂ ಕೆಡಿಸುತ್ತವೆ.

ಟ್ರೈಗ್ಲಿಸರೈಡನ್ನು ಒಡೆಯುವ ಕಿಣ್ವ ಅಂಟಿಕೊಂಡಿರುವುದೂ ಸೂಕ್ಷ್ಮ ರಕ್ತನಾಳಗಳ ಇದೇ ಒಳಮೈಗೆ. ಅದೂ ಇನ್ಸುಲಿನ್ ಅಧೀನ. ಅದು ನಿಧಾನಿಸಿದರೆ ಉಂಡ ಕೊಬ್ಬು ತಾಸುಗಟ್ಟಲೆ ರಕ್ತದಲ್ಲೇ ಸುತ್ತುತ್ತದೆ. ಇಂಥವರ ರಕ್ತವನ್ನು ಲ್ಯಾಬಿನಲ್ಲಿ ತಿರುಗಿಸಿಟ್ಟರೆ, ತಿಳಿ ಹಳದಿ ಇರಬೇಕಾದ ಸೀರಂ ಕೆಲವೊಮ್ಮೆ ಹಾಲಿನಂತೆ ಬೆಳ್ಳಗಿರುತ್ತದೆ. ಜೊತೆಗೆ 'ಒಳ್ಳೆಯ' ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಇಳಿಯುತ್ತದೆ, 'ಕೆಟ್ಟ' ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಕಣಗಳು ಸಣ್ಣದಾಗಿ ಸಾಂದ್ರವಾಗುತ್ತವೆ. ವರದಿಯಲ್ಲಿ ಎಲ್‌ಡಿಎಲ್ ಅಂಕಿ ಮಾತ್ರ ನಾರ್ಮಲ್ ಕಾಣಬಹುದು. ಅದೊಂದನ್ನೇ ನೋಡಿ ನಿಶ್ಚಿಂತರಾಗುವುದು ತಪ್ಪು.

ಇನ್ನು ಊಟದ ಮಾತು. ಸೈಯದ್ ಘನಿ ಖಾನ್ ನೂರಾರು ದೇಸಿ ಭತ್ತದ ತಳಿಗಳನ್ನು ಕಾಪಾಡಿದ ಊರು ನಿಮ್ಮದು. ಆ ಕೆಲಸಕ್ಕೆ ಕೈಮುಗಿಯುತ್ತೇನೆ. ಪಾಲಿಶ್ ಅಕ್ಕಿಗಿಂತ ತೌಡಿರುವ ಕೆಂಪಕ್ಕಿ ಮೇಲು, ನಿಜ. ಆದರೆ ಶುಗರ್ ಇದ್ದವರು ಅದನ್ನು ಎಷ್ಟು ಬೇಕಾದರೂ ಉಣ್ಣಬಹುದು ಎಂದು ಮಾರುವವರನ್ನು ನಂಬಬೇಡಿ. ಮುದ್ದೆಗೂ ಇದೇ ಮಾತು. ತಟ್ಟೆಯಲ್ಲಿ ಸೊಪ್ಪು, ಕಾಳು ಹೆಚ್ಚಲಿ, ಊಟವಾದ ಮೇಲೆ ನಡೆಯಿರಿ. ನಡೆದಾಗ ಸ್ನಾಯು ಇನ್ಸುಲಿನ್ ಹಂಗಿಲ್ಲದೆ ಸಕ್ಕರೆ ಎಳೆದುಕೊಳ್ಳುತ್ತದೆ, ಹರಿವು ಹೆಚ್ಚಿ ಒಳಪದರವೂ ಕೆಲಸ ಮಾಡುತ್ತದೆ. 40 ದಾಟಿದ ಮಧುಮೇಹಿಗಳಿಗೆ ಎಲ್‌ಡಿಎಲ್ ನಾರ್ಮಲ್ ಇದ್ದರೂ ವೈದ್ಯರು ಸ್ಟ್ಯಾಟಿನ್ ಮಾತ್ರೆ ಬರೆಯುವುದು ಹೃದಯಾಘಾತ, ಪಾರ್ಶ್ವವಾಯು ತಪ್ಪಿಸಲೆಂದೇ. ದಯವಿಟ್ಟು ಅದನ್ನು ನೀವಾಗಿಯೇ ನಿಲ್ಲಿಸಬೇಡಿ.