ಎರಡು ಸಿಗ್ನಲ್‌ಗಳು ಗಾಳಿಯಲ್ಲಿ ಡಿಕ್ಕಿ ಹೊಡೆಯುತ್ತವೆಯೇ?

ಟವರ್ ಇಲ್ಲದೆಯೂ ಫೋನಿನಿಂದ ಫೋನಿಗೆ, ವಾಕಿಟಾಕಿಯಿಂದ ವಾಕಿಟಾಕಿಗೆ ಸಂದೇಶ ಹೋಗುತ್ತದೆ. ಹತ್ತಿರದಲ್ಲಿ ಹಲವರು ಒಟ್ಟಿಗೆ ಕಳಿಸಿದರೆ ಸಿಗ್ನಲ್‌ಗಳು ಗಾಳಿಯಲ್ಲೇ ಡಿಕ್ಕಿ ಹೊಡೆದು ನಾಶವಾಗುತ್ತವೆ ಎಂದು ಹಲವರು ನಂಬಿದ್ದಾರೆ. ಇದು ನಿಜವಲ್ಲ. ರೇಡಿಯೊ ಅಲೆಗಳು ಒಂದನ್ನೊಂದು ದಾಟಿಹೋಗುತ್ತವೆ. ಗೊಂದಲವಾಗುವುದು ಅವನ್ನು ಪಡೆಯುವ ಸಾಧನದಲ್ಲಿ.

ಹವಾಯಿ ವಿಶ್ವವಿದ್ಯಾಲಯದ ಅಲೋಹಾನೆಟ್‌ನಲ್ಲಿ (1971) ನಿಯಮ ಸರಳವಿತ್ತು: ಕಳಿಸು, ತಲುಪದಿದ್ದರೆ ಸ್ವಲ್ಪ ಬಿಟ್ಟು ಮತ್ತೆ ಕಳಿಸು. ಹೀಗಾದರೆ ಚಾನೆಲ್‌ನ ಸಾಮರ್ಥ್ಯದಲ್ಲಿ ಹೆಚ್ಚೆಂದರೆ ಶೇ. 18ರಷ್ಟು ಮಾತ್ರ ಉಪಯೋಗಕ್ಕೆ ಬರುತ್ತದೆ. ಇಂದಿನ ವೈ-ಫೈ ಮೊದಲು ಕಿವಿಗೊಡುತ್ತದೆ. ಚಾನೆಲ್ ಖಾಲಿಯಾದ ಮೇಲೂ ಚೀಟಿ ಎತ್ತಿದಂತೆ ಒಂದು ಸಂಖ್ಯೆ ಆರಿಸಿಕೊಂಡು ಅಷ್ಟು ಹೊತ್ತು (ಮೈಕ್ರೊಸೆಕೆಂಡುಗಳ ಲೆಕ್ಕ) ಕಾಯುತ್ತದೆ.

ಆದರೆ ಕಿವಿಗೊಟ್ಟರೂ ಕೇಳಿಸದಿದ್ದರೆ? ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿಯ ದನಗಳ ಜಾತ್ರೆಯಲ್ಲಿ ಮಗುವೊಂದು ತಪ್ಪಿಸಿಕೊಂಡಿದೆ ಎಂದುಕೊಳ್ಳಿ. ಬೆಟ್ಟದ ಈಚೆಗೊಬ್ಬರು, ಆಚೆಗೊಬ್ಬರು ಸ್ವಯಂಸೇವಕರು, ಮೇಲೊಬ್ಬರು. ನಡುವೆ ಬೆಟ್ಟವಿರುವುದರಿಂದ ಕೆಳಗಿನ ಇಬ್ಬರಿಗೂ ಚಾನೆಲ್ ಖಾಲಿಯೆನಿಸುತ್ತದೆ, ಇಬ್ಬರೂ ಒಟ್ಟಿಗೆ ಗುಂಡಿ ಒತ್ತುತ್ತಾರೆ. ಮೇಲಿರುವವರಿಗೆ ಕೇಳುವುದು ಬರೀ ಗೊರಗೊರ. ಜೋರಾಗಿ ಕೂಗಿದರೂ ಪ್ರಯೋಜನವಿಲ್ಲ.

ಇದಕ್ಕೆ ವೈ-ಫೈ ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ಅಪ್ಪಣೆ ಕೊಡುವುದು ಪಡೆಯುವ ಸಾಧನವೇ. ಒಂದು ಫೋನು 'ಕಳಿಸಲೇ?' ಎಂದು ಪುಟ್ಟದಾಗಿ ಕೇಳುತ್ತದೆ. 'ಕಳಿಸು, ಇಷ್ಟು ಹೊತ್ತು' ಎಂಬ ಉತ್ತರ ಮರೆಯಲ್ಲಿರುವ ಇನ್ನೊಂದಕ್ಕೂ ಕೇಳಿಸಿ ಅದು ಸುಮ್ಮನಾಗುತ್ತದೆ. ಈ ಕೇಳಾಟಕ್ಕೂ ಸಮಯ ಹಿಡಿಯುವುದರಿಂದ ಚಿಕ್ಕ ಸಂದೇಶಗಳಿಗೆ ಸಾಮಾನ್ಯವಾಗಿ ಬಳಸುವುದಿಲ್ಲ. ಸಾದಾ ವಾಕಿಟಾಕಿಯಲ್ಲಿ ಈ ಏರ್ಪಾಡಿಲ್ಲ. ಅಲ್ಲಿ ಬೆಟ್ಟದ ಮೇಲಿರುವವರೇ ಒಬ್ಬೊಬ್ಬರ ಹೆಸರು ಹಿಡಿದು ಕರೆದು ಸರದಿ ಕೊಡಬೇಕು.