ಬೈಕ್ ಹಿಂದೆ ಬೋರ್‌ವೆಲ್ ಮೋಟರ್ ಕಟ್ಟೋಕೆ ಮುಂಚೆ

ಮಾಗಡಿ ರಸ್ತೆಲೋ ಕನಕಪುರ ರಸ್ತೆಲೋ ಈ ದೃಶ್ಯ ನೀವೂ ನೋಡಿರ್ತೀರ. ಒಬ್ಬರು ಗಾಡಿ ಓಡಿಸ್ತಿರ್ತಾರೆ, ಹಿಂದೆ ಕೂತಿರೋರ ತೊಡೆ ಮೇಲೆ ಸುಟ್ಟುಹೋದ ಬೋರ್‌ವೆಲ್ ಮೋಟರ್ ಅಡ್ಡಡ್ಡ ಮಲಗಿರುತ್ತೆ. ವೈಂಡಿಂಗ್ ಅಂಗಡಿಗೆ ಹೊರಟಿರೋದು. ಹಿಪ್ಪುನೇರಳೆ ಒಣಗ್ತಿದೆ, ಹುಳಕ್ಕೆ ಸೊಪ್ಪು ಬೇಕು, ಗೂಡ್ಸ್ ಆಟೋಗೆ ಕಾಯೋ ಪುರುಸೊತ್ತು ಯಾರಿಗಿದೆ? ಅದಕ್ಕೇ ಬರೀ 'ಹೀಗೆ ಮಾಡ್ಬೇಡಿ' ಅಂದ್ರೆ ಯಾರೂ ಕೇಳಲ್ಲ.

ಒಂದು ಲೆಕ್ಕ ಹಾಕೋಣ. ನಾನು ಕಾಮರ್ಸ್ ಓದಿದೋನು, ಫಿಸಿಕ್ಸ್ ದೂರ. ಆದ್ರೆ ಇದಕ್ಕೆ ತಕ್ಕಡಿ ಗೊತ್ತಿದ್ರೆ ಸಾಕು. ಸ್ಪ್ಲೆಂಡರ್‌ನಲ್ಲಿ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ಸುಮಾರು 124 ಸೆಂ.ಮೀ. ಇದೆ. ಹಿಂದಿನ ಅಚ್ಚಿಗಿಂತ 30 ಸೆಂ.ಮೀ. ಆಚೆಗೆ, ಕ್ಯಾರಿಯರ್ ಮೇಲೆ 40 ಕೆ.ಜಿ. ಕಟ್ಟಿದ್ರಿ ಅನ್ಕೊಳ್ಳಿ. ನಲವತ್ತು ಮೂವತ್ತಲೆ 1,200. ಅದನ್ನ 124ರಿಂದ ಭಾಗಿಸಿದ್ರೆ ಹತ್ತಿರ ಹತ್ತಿರ 10. ಅಂದ್ರೆ ಮುಂದಿನ ಚಕ್ರದ ಮೇಲಿನ ಭಾರ 10 ಕೆ.ಜಿ. ಕಮ್ಮಿ ಆಯ್ತು. ಹ್ಯಾಂಡಲ್ ಹಗುರ ಆಗಿ ಆಡುತ್ತೆ, ಮುಂದಿನ ಬ್ರೇಕಿನ ಹಿಡಿತ ಸಡಿಲ ಆಗುತ್ತೆ. ಏರು ಬಂದ್ರೆ ಇನ್ನೂ ಜಾಸ್ತಿ. ಅದೇ ಮೋಟರನ್ನ ಸೀಟಿನ ಮೇಲೆ, ನಿಮ್ಮ ಬೆನ್ನಿಗೆ ಒತ್ತಿ, ಉದ್ದುದ್ದ ಕಟ್ಟಿದ್ರೆ ಈ ತೊಂದರೆ ಬಹುಪಾಲು ಇರಲ್ಲ. ಆಗ ಹಿಂದೆ ಇನ್ನೊಬ್ಬರು ಕೂರೋಕೆ ಆಗಲ್ಲ, ಕೂರಲೂಬಾರದು. ಎಕ್ಸೆಲ್ ಗಾಡಿನ ರೈತರು ಯಾಕೆ ಬಿಡಲ್ಲ ಗೊತ್ತಾ? ಕಾಲ ಹತ್ರಾನೇ ಜಾಗ ಇದೆ, ಭಾರ ತಗ್ಗಲ್ಲಿ ಕೂರುತ್ತೆ.

ಇನ್ನು ಜೆ.ಸಿ. ರೋಡಿಂದ ಕಾರ್ ಬಂಪರ್ ತರೋರ ಕಥೆ. ಬಂಪರ್ ಭಾರ ಇಲ್ಲ, ಆದ್ರೆ ಗಾಳಿಪಟ. ಪಕ್ಕದಲ್ಲಿ ಬಸ್ ಹೋದ್ರೆ ಸಾಕು, ಗಾಡಿ ಎಳ್ಕೊಂಡು ಹೋಗುತ್ತೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಬೈಕ್ ಬಿಡಲ್ಲ. ಹಾಗಾಗಿ ಸರ್ವಿಸ್ ರೋಡು, ರಾಮನಗರ, ಚನ್ನಪಟ್ಟಣ ಪೇಟೆ ಒಳಗಿನ ಹಳೇ ರಸ್ತೆ. ಅಲ್ಲಿ ಬಂಪರ್ ತುದಿ ನಿಮಗಲ್ಲ, ರಸ್ತೆ ದಾಟ್ತಿರೋ ಯಾರದೋ ಮುಖಕ್ಕೆ ತಗಲುತ್ತೆ.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194(1ಎ) ಪ್ರಕಾರ, ಮಿತಿ ಮೀರಿ ಹೊರಗೆ ಚಾಚಿದ ಲೋಡಿಗೆ 20,000 ರೂಪಾಯಿ ದಂಡ. ಅಲ್ಲಿರೋ ಪದ 'ಮೋಟಾರು ವಾಹನ', ಲಾರಿ ಅಂತ ಅಲ್ಲ. ಗೂಡ್ಸ್ ಆಟೋ ಬಾಡಿಗೆ ದುಬಾರಿ ಅನ್ಸಿದಾಗ ಇದನ್ನೂ ಪಕ್ಕದಲ್ಲಿ ಬರೆದು ನೋಡಿ. ಡಬ್ಬದಲ್ಲಿ ಹಿಡಿಸೋ ಸಾಮಾನಾದ್ರೆ ಕೆಎಸ್‌ಆರ್‌ಟಿಸಿ 2021ರಲ್ಲಿ ಶುರು ಮಾಡಿದ 'ನಮ್ಮ ಕಾರ್ಗೋ' ಇದೆ.

ಕಟ್ಟೋದು ಹೇಗೆ? ಹಳೇ ಟ್ಯೂಬ್ ಒಂದನ್ನೇ ನಂಬ್ಬೇಡಿ. ಹಂಪ್ ಮೇಲೆ ಅದು ಹಿಗ್ಗುತ್ತೆ, ಮೋಟರ್ ಕುಣಿಯುತ್ತೆ. ಮೊದಲು ಹಗ್ಗ, ಎರಡು ಕಡೆ. ಮೇಲೆ ಬೇಕಾದ್ರೆ ಟ್ಯೂಬ್. ನೈಲಾನ್ ಹಗ್ಗ ಸೈಲೆನ್ಸರ್‌ಗೆ ತಗಲಿದ್ರೆ ಕರಗುತ್ತೆ, ಬಂಪರ್ ಕೂಡ. ಹಿಂದಿನ ಟೈರಿಗೆ ಮ್ಯಾನ್ಯುಯಲ್‌ನಲ್ಲಿ ಇಬ್ಬರಿಗೆ ಅಂತ ಬರೆದಿರೋ ಗಾಳಿ ಹಾಕ್ಸಿ. ಹಿಂದಿನ ಲೈಟು, ಇಂಡಿಕೇಟರ್ ಮುಚ್ಚಿಲ್ವಾ ನೋಡಿ. ಎರಡು ಕಿಲೋಮೀಟರ್ ಹೋದ್ಮೇಲೆ ಒಂದ್ಸಲ ನಿಲ್ಲಿಸಿ ಹಗ್ಗ ಎಳೆದು ನೋಡಿ. ಅಷ್ಟರಲ್ಲಿ ಅದು ಸಡಿಲ ಆಗಿರುತ್ತೆ.