ಹಿಡಿಯದ ಹ್ಯಾಂಡ್‌ಬ್ರೇಕ್: ಡ್ರಮ್ಮು ಮೊದಲು, ಕೇಬಲ್ಲು ಕೊನೆಗೆ

ಕಾರಿನ ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು. ಲಿವರ್ ಎಳೆದಾಗ ಅದರ ಬುಡದ ಹಲ್ಲುಪಟ್ಟಿಯ ಮೇಲೆ ಕೊಕ್ಕೆಯೊಂದು ಟಕ್ ಟಕ್ ಎಂದು ಏರಿ ಕೂರುತ್ತದೆ. ಕಾರಿನಡಿಯ ಉಕ್ಕಿನ ಕೇಬಲ್ ಬಿಗಿಯುತ್ತದೆ, ಡ್ರಮ್ಮಿನೊಳಗೆ ಬ್ರೇಕ್ ಶೂಗಳು ಅಗಲಿ ಗೋಡೆಗೆ ಒತ್ತಿಕೊಳ್ಳುತ್ತವೆ. ಇಲ್ಲಿ ಬ್ರೇಕ್ ಆಯಿಲ್‌ಗೆ ಕೆಲಸವೇ ಇಲ್ಲ. ಕಾಲಿನ ಬ್ರೇಕ್ ಚೆನ್ನಾಗಿದ್ದರೂ ಹ್ಯಾಂಡ್‌ಬ್ರೇಕ್ ಕೈಕೊಡುವುದು ಇದರಿಂದಲೇ.

ಹೈದರಾಬಾದ್‌ನಲ್ಲಿ ಈ ದೋಷ ಬಚ್ಚಿಟ್ಟುಕೊಳ್ಳಲಾರದು. ಬಂಜಾರಾ ಹಿಲ್ಸ್, ಜ್ಯೂಬಿಲಿ ಹಿಲ್ಸ್‌ಗಳು ಬಂಡೆಗುಡ್ಡಗಳ ಮೇಲೆ ಬೆಳೆದ ಬಡಾವಣೆಗಳು; ಅಲ್ಲಿನ ಒಳರಸ್ತೆಗಳಲ್ಲೂ ಅಪಾರ್ಟ್‌ಮೆಂಟ್ ಸೆಲ್ಲಾರ್‌ಗೆ ಇಳಿಯುವ ದಾರಿಗಳಲ್ಲೂ ಕಾರು ನಿಲ್ಲಬೇಕಾದದ್ದು ಇಳಿಜಾರಿನಲ್ಲೇ. ವಿಶ್ವಸಂಸ್ಥೆಯ 13-ಎಚ್ ನಿಯಮದಂತೆ, ಭರ್ತಿ ಭಾರ ಹೊತ್ತ ಕಾರನ್ನು ಪಾರ್ಕಿಂಗ್ ಬ್ರೇಕ್ ಶೇ 20ರ ಇಳಿಜಾರಿನಲ್ಲಿ, ಅಂದರೆ 5 ಮೀಟರಿಗೆ 1 ಮೀಟರ್ ಏರುವ ಕಡೆ, ಅಲುಗದಂತೆ ನಿಲ್ಲಿಸಬೇಕು.

ದೋಷದ ಮೊದಲ ಸುಳಿವು ಲಿವರಿನಲ್ಲೇ ಸಿಗುತ್ತದೆ. ಲಿವರ್ ಮೇಲಕ್ಕೆ ಹೋಗಿಯೂ ನಿಲ್ಲದೆ ಜಾರಿದರೆ ಕೊಕ್ಕೆ ಅಥವಾ ಹಲ್ಲು ಸವೆದಿದೆ. ಮಾಲೀಕರ ಕೈಪಿಡಿ ಹೇಳುವುದಕ್ಕಿಂತ ಹೆಚ್ಚು ಕ್ಲಿಕ್ ಏರಿದರೆ ಶೂ ಸವೆದಿದೆ, ಇಲ್ಲವೇ ಕೇಬಲ್ ಸಡಿಲಾಗಿದೆ. ಕೆಲವೇ ಕ್ಲಿಕ್‌ಗೆ ಬಿಗಿಯಾಗಿಯೂ ಕಾರು ಜಾರಿದರೆ ಅನುಮಾನ ಬೇರೆ ಕಡೆ ತಿರುಗಬೇಕು: ಶೂ ಮೇಲಿನ ಲೈನರಿಗೆ ಎಣ್ಣೆ ತಗುಲಿದೆ, ಅದು ಕಾದು ನುಣುಪಾಗಿದೆ, ಅಥವಾ ಕೇಬಲ್ ಕವಚದೊಳಗೆ ತುಕ್ಕು ಹಿಡಿದು ಕಚ್ಚಿಕೊಂಡಿದೆ. ಮಳೆಗಾಲದಲ್ಲಿ ಮೊಣಕಾಲುದ್ದ ನೀರಿನಲ್ಲಿ ಓಡಿದ ಕಾರಿನ ಕೇಬಲ್ ಕವಚದ ರಬ್ಬರ್ ಹರಿದಿದ್ದರೆ ಈ ತುಕ್ಕು ತಪ್ಪದು.

ಎಷ್ಟೋ ಕಡೆ ನೇರವಾಗಿ ಲಿವರಿನ ಬುಡದ ನಟ್ಟು ತಿರುಗಿಸಿ ಕೇಬಲ್ ಬಿಗಿ ಮಾಡಿ ಕಳುಹಿಸುವುದುಂಟು. ಇದು ರಿಪೇರಿಯಲ್ಲ, ದೋಷವನ್ನು ಮುಚ್ಚುವುದು. ಕೇಬಲ್ ಅತಿಯಾಗಿ ಬಿಗಿದರೆ ಡ್ರಮ್ಮಿನೊಳಗಿನ ಲಿವರ್ ತನ್ನ ಮೂಲ ಜಾಗಕ್ಕೆ ಮರಳುವುದಿಲ್ಲ. ಶೂಗಳ ಅಂತರವನ್ನು ತಾನಾಗಿ ಸರಿಪಡಿಸುವ ಅಡ್ಜಸ್ಟರ್ ಕೆಲಸ ನಿಲ್ಲಿಸುತ್ತದೆ, ಶೂ ಸದಾ ಉಜ್ಜುತ್ತಾ ಕಾಯುತ್ತದೆ.

ಬಲ್ಲ ಮೆಕ್ಯಾನಿಕ್ ಮುಂದಿನ ಚಕ್ರಗಳಿಗೆ ಅಡೆ ಕೊಟ್ಟು, ಹಿಂಭಾಗವನ್ನು ಜ್ಯಾಕಿನಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟು ಡ್ರಮ್ ಕಳಚುತ್ತಾನೆ. ಅದು ತುಕ್ಕಿಗೆ ಅಂಟಿಕೊಂಡಿದ್ದರೆ ಸುತ್ತಿಗೆಗೆ ಅವಸರವಿಲ್ಲ. ಎಷ್ಟೋ ಡ್ರಮ್ಮುಗಳ ಮುಖದಲ್ಲಿ ತಿರುಪು ಕೊರೆದ ಎರಡು ತೂತುಗಳಿರುತ್ತವೆ. ಅವುಗಳಿಗೆ 8 ಮಿ.ಮೀ. ಬೋಲ್ಟುಗಳನ್ನು ಒಂದೊಂದು ಸುತ್ತು ಸರದಿಯಂತೆ ತಿರುಗಿಸಿದರೆ ಡ್ರಮ್ ತಾನಾಗಿ ಹೊರಬರುತ್ತದೆ. ದೂಳನ್ನು ಗಾಳಿಯಿಂದ ಊದಬಾರದು. ಹಳೆಯ ಲೈನರುಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಮಾಡಿ ಒರೆಸಬೇಕು. ಆಮೇಲೆ, ಕಾಲಿನ ಬ್ರೇಕಿಗೆ ಶೂಗಳನ್ನು ಅಗಲಿಸುವ ವೀಲ್ ಸಿಲಿಂಡರಿನ ರಬ್ಬರ್ ಟೋಪಿಯ ಅಂಚನ್ನು ಬೆರಳಿಂದ ಮಡಚಿ ನೋಡುವುದು. ಒಳಗೆ ಒದ್ದೆಯಿದ್ದರೆ ಬ್ರೇಕ್ ಆಯಿಲ್ ಸೋರುತ್ತಿದೆ. ಸಿಲಿಂಡರ್ ಬದಲಿಸದೆ ಲೈನರ್ ಬದಲಿಸುವುದು ವ್ಯರ್ಥ. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವುದೂ ಅಷ್ಟೇ. ಶೂಗಳನ್ನು ಎರಡೂ ಚಕ್ರಗಳಿಗೆ ಒಟ್ಟಿಗೇ ಬದಲಿಸಬೇಕು. ಸಿಕಂದರಾಬಾದ್‌ನ ರಾಣಿಗಂಜ್ ಬಿಡಿಭಾಗಗಳ ಪೇಟೆಯಲ್ಲಿ ಅವು ಸೆಟ್ ಆಗಿಯೇ ಸಿಗುತ್ತವೆ.

ಜೋಡಿಸಿದ ಮೇಲೆ ಡ್ರಮ್ ತುಸುವೇ ಸವರುವಂತೆ ಅಡ್ಜಸ್ಟರ್ ತಿರುಗಿಸಿ, ಪೆಡಲನ್ನು ಹಲವು ಸಲ ಒತ್ತಿ ಶೂಗಳನ್ನು ನಡುವೆ ಕೂರಿಸಬೇಕು. ಕೇಬಲ್ ಸರದಿ ಬರುವುದು ಅನಂತರ. ಲಿವರ್ ಪೂರ್ತಿ ಇಳಿದಾಗ ಚಕ್ರ ಸಲೀಸಾಗಿ ತಿರುಗಬೇಕು, ಹೇಳಿದ ಕ್ಲಿಕ್‌ಗೆ ಎರಡೂ ಚಕ್ರ ಸಮನಾಗಿ ನಿಲ್ಲಬೇಕು. ಒಂದು ಮಾತ್ರ ನಿಂತರೆ ಇನ್ನೊಂದು ಬದಿಯ ಕೇಬಲ್ಲೋ ಎರಡೂ ಕೇಬಲ್‌ಗೆ ಎಳೆತ ಹಂಚುವ ಅಡ್ಡಪಟ್ಟಿಯೋ ಸಿಕ್ಕಿಕೊಂಡಿದೆ.

ಹಿಂದೆಯೂ ಡಿಸ್ಕ್ ಇರುವ ಕಾರುಗಳಲ್ಲಿ ಕ್ಯಾಲಿಪರಿನ ಲಿವರ್ ತುಕ್ಕಿಗೆ ಬಿಗಿದಿದೆಯೇ ಎಂದು ನೋಡಬೇಕು. ಕಾದ ಡಿಸ್ಕ್ ತಣಿದು ಕುಗ್ಗಿದಾಗ ಹಿಡಿತ ಸಡಿಲುವುದರಿಂದ, ಇಂಥ ಕಾರು ನಿಲ್ಲಿಸಿ ಸ್ವಲ್ಪ ಹೊತ್ತಿನ ಮೇಲೆ ಜಾರಬಹುದು. ಇಳಿಜಾರಿನಲ್ಲಿ ಗೇರಿನಲ್ಲಿಟ್ಟು, ಜಾರಿದರೂ ರಸ್ತೆಯಂಚಿನ ಕಲ್ಲಿಗೆ ತಾಗಿ ನಿಲ್ಲುವಂತೆ ಮುಂದಿನ ಚಕ್ರಗಳನ್ನು ತಿರುಗಿಸಿ ನಿಲ್ಲಿಸುವುದೇ ಸರಿ. ಹೊಸ ಲೈನರ್ ಡ್ರಮ್ಮಿಗೆ ಹೊಂದಿಕೊಳ್ಳಲು ಕೆಲವು ದಿನ ಬೇಕಾಗುವುದರಿಂದ, ಅಷ್ಟು ಓಡಿದ ಮೇಲೆ ಕ್ಲಿಕ್‌ಗಳನ್ನು ಇನ್ನೊಮ್ಮೆ ಎಣಿಸಬೇಕು.